ಅಧ್ಯಕ್ಷರ ಹೆಸರಿನ ತಕರಾರು

ಶಿವಪ್ರಕಾಶ ತಂದೆ ಅಂದಾನಪ್ಪ, ವಯಸ್ಸು 36, ಉದ್ಯೋಗ ಹಾಸ್ಯ ಕಾರ್ಯಕ್ರಮ ಮತ್ತು ಚಿತ್ರ ನಿರ್ದೇಶನ, ಸಾ: ಇಳಕಲ್ಲ, ಆದ ನಾನು ಹುನಗುಂದ ಠಾಣೆಗೆ ಹಾಜರಾಗಿ ಬರೆಸುವುದೇನೆಂದರೆ:

ನಾನು ಹದಿನಾಲ್ಕು ವರ್ಷಗಳಿಂದ ದೊಡ್ಡವರನ್ನು ಅಣಕಿಸಿ ಜನರನ್ನು ನಗಿಸುತ್ತ ಬಂದಿರುತ್ತೇನೆ. ಮೊದಲು ಕಾಲೇಜು ಗ್ಯಾದರಿಂಗ್, ಆಮೇಲೆ ಗಣಪತಿ ಮಂಟಪ, ಆಮೇಲೆ ಮೊಬೈಲ್‌ನಲ್ಲಿ ತೆಗೆದ ಕಿರುಚಿತ್ರಗಳು. ನನ್ನ ಮೇಲೆ ಇದು ನಾಲ್ಕನೇ ತಕರಾರು. ಹಿಂದಿನ ಮೂವರೂ ಚಿತ್ರ ನೋಡದೆಯೇ ಸಿಟ್ಟಾಗಿದ್ದರು. ಆ ಬಗ್ಗೆ ನನಗೆ ಇಂದಿಗೂ ಬೇಜಾರಿದೆ.

ನನ್ನ ಮೊದಲ ದೊಡ್ಡ ಚಿತ್ರದಲ್ಲಿ ಒಬ್ಬ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಇದ್ದಾಳೆ. ಆಕೆಯ ಕುರ್ಚಿಯಲ್ಲಿ ಗಂಡ ಕೂಡುತ್ತಾನೆ, ಆಕೆಯ ಸಹಿ ತಾನೇ ಮಾಡುತ್ತಾನೆ, ಆಕೆಗೆ ಹೊದಿಸಲು ತಂದ ಶಾಲನ್ನೂ ತಾನೇ ಹೊದ್ದುಕೊಳ್ಳುತ್ತಾನೆ. ದಿನಾಂಕ 9-11-2025, ರವಿವಾರ ಸಂಜೆ 6-00 ರಿಂದ 7-50 ರವರೆಗೆ ಇಳಕಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಅದನ್ನು ತೋರಿಸಿದೆನು. ಜನ ಬಿದ್ದು ಬಿದ್ದು ನಕ್ಕರು.

ಎರಡನೇ ಸಾಲಿನ ಒಬ್ಬ ಹೆಂಗಸು ಮಾತ್ರ ನಗಲಿಲ್ಲ. ನನ್ನ ಕಸುಬಿನವರಿಗೆ ಅದು ತಕ್ಷಣ ಕಾಣುತ್ತದೆ. ಮುಗಿದ ಮೇಲೆ ಅವರೇ ಬಂದು, ತಾವು ಈ ತಾಲೂಕಿನ ಒಂದು ಪಂಚಾಯ್ತಿಯ ಅಧ್ಯಕ್ಷೆ ಹುಚ್ಚವ್ವ ಎಂದೂ, ಸೀರೆ ತರುವೆನೆಂದು ಮನೆಯಲ್ಲಿ ಹೇಳಿ ಬಂದಿರುವುದಾಗಿಯೂ ತಿಳಿಸಿದರು. “ಸಿನಿಮಾದಾಗ ಒಂದು ಸುಳ್ಳೈತಿ ತಮ್ಮಾ. ಕಡೀಕ ಆಕಿ ಗಂಡನ್ನ ಎಬ್ಬಿಸಿ ಕುರ್ಚಿ ಮ್ಯಾಲ ಕೂಡ್ತಾಳ. ನಾ ಎರಡು ವರ್ಷದಾಗ ಒಮ್ಮಿನೂ ಕುಂತಿಲ್ಲ” ಎಂದರು. ನನಗೆ ನಾಚಿಕೆಯಾಯಿತು.

ಇಂದು ಬೆಳಿಗ್ಗೆ 10-00 ಕ್ಕೆ ಈ ಠಾಣೆಯ ಸಾಹೇಬರು ನನ್ನನ್ನು ಕರೆಸಿ, ಚಿತ್ರದಿಂದ ತಮ್ಮ ಮಾನ ಹೋಯಿತೆಂದು ಅದೇ ಹುಚ್ಚವ್ವ ಅವರ ತಕರಾರು ಬಂದಿದೆ, ಇನ್ನು ಎಲ್ಲಿಯೂ ತೋರಿಸುವುದಿಲ್ಲವೆಂದು ಬರೆದುಕೊಡಬೇಕು ಎಂದರು. ಬರೆದುಕೊಟ್ಟರೆ ಬರುವ ರವಿವಾರದ ನವನಗರದ ಪ್ರದರ್ಶನವೂ ನನ್ನ ಮೂರು ವರ್ಷದ ದುಡಿಮೆಯೂ ಮಣ್ಣುಪಾಲು. ನಾನು ಕಾಗದ ತೋರಿಸಲು ಕೇಳಿದೆನು. ಅದನ್ನು ತಂದುಕೊಟ್ಟವರು ಅವರ ಗಂಡ ಲಕ್ಷ್ಮಪ್ಪ. ಕೆಳಗೆ ಸ್ಥಳ ಹುನಗುಂದ, ರವಿವಾರ ಸಂಜೆ 6-30 ಎಂದಿದ್ದು, ಹುಚ್ಚವ್ವ ಎಂಬ ಠೀವಿಯ ಸಹಿ ಇತ್ತು. ಆ ಹೊತ್ತಿಗೆ ಹುಚ್ಚವ್ವ ಅವರು ಸುಮಾರು ಹದಿಮೂರು ಕಿ.ಮೀ. ದೂರದಲ್ಲಿ ನನ್ನ ಚಿತ್ರ ನೋಡುತ್ತಿದ್ದರು. ಪಂಚಾಯ್ತಿ ಕಾಗದಗಳಿಗೆ ಹೆಂಡತಿಯ ಸಹಿ ತಾವೇ ಹಾಕುವ ರೂಢಿಯಲ್ಲೇ ಲಕ್ಷ್ಮಪ್ಪ ಅವರು ಇದಕ್ಕೂ ಸಹಿ ಹಾಕಿರುತ್ತಾರೆ.

ಸ್ಥಳದಲ್ಲೇ ಇದ್ದ ಲಕ್ಷ್ಮಪ್ಪ ಅವರನ್ನು ಕೇಳಲಾಗಿ, “ಆಕಿ ಮಾಡಿದ್ರೇನು, ನಾ ಮಾಡಿದ್ರೇನ್ರಿ, ಎರಡೂ ಒಂದ” ಎಂದರು. ಸಾಹೇಬರು ಫೋನ್ ಮಾಡಿಸಿದಾಗ ಹುಚ್ಚವ್ವ ಅವರು ಒಬ್ಬರೇ ಬಸ್ ಹತ್ತಿ 11-20 ಕ್ಕೆ ಬಂದರು. “ತಕರಾರು ನಂದಲ್ರಿ” ಎಂದರು. ಅದನ್ನೇ ಬರೆದು ಸಹಿ ಮಾಡಲು ಹೇಳಿದಾಗ ಗಂಡ ಪೆನ್ನಿಗೆ ಕೈ ಚಾಚಿದರು. ಹುಚ್ಚವ್ವ ಅವರು ಕೊಡಲಿಲ್ಲ. ಹೆಸರು ಬರೆಯಲು ಎರಡು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಆದಕಾರಣ ನಾನು ಏನನ್ನೂ ಬರೆದುಕೊಡುವುದಿಲ್ಲ. ನವನಗರದಲ್ಲಿ ರವಿವಾರ ಸಂಜೆ 6-00 ಕ್ಕೆ ಚಿತ್ರ ತೋರಿಸುತ್ತೇನೆ.

ಇದರಲ್ಲಿ ನಗಿಸಲೆಂದು ಸೇರಿಸಿದ್ದು ಏನೂ ಇಲ್ಲ. ಓದಿಸಿ ಕೇಳಿದ್ದೇನೆ, ಹೇಳಿದಂತೆಯೇ ಇದೆ.

ಸ್ಥಳ: ಹುನಗುಂದ
ದಿನಾಂಕ: 10-11-2025
ಸಹಿ: ಶಿವಪ್ರಕಾಶ, ನಾನೇ ಮಾಡಿದ್ದು