ಹಿಂದೆ ಇಲ್ಲಿ ಓದಿದ್ದೀರಾ?

...ಅಲ್ಲಲ್ಲ, 'ಇಲ್ಲ' ಅಂತಲೇ ಒತ್ತು, ಐಲ್ಸಾ. 'ಹಿಂದೆ ಇಲ್ಲಿ ಓದಿದ್ದೀರಾ?' ಅಂತ ತಾನೇ ಕೇಳ್ತಿರೋದು? ಇಲ್ಲ. ಮುಗೀತು. ಹದಿನೈದಕ್ಕೆ ಸ್ಕೂಲು ಬಿಟ್ಟು ಆಲೂಗಡ್ಡೆ ಕಾರ್ಖಾನೆ ಸೇರಿದವನು ನಿನ್ನ ಗಂಡ. ಯೂನಿವರ್ಸಿಟಿ ಅವನಿಗೆಲ್ಲಿಂದ ಬರಬೇಕು! ಮುಂದಕ್ಕೆ ಹೋಗು. ಐದಕ್ಕೆ ಅರ್ಜಿ ಮುಚ್ಚಿಬಿಡ್ತಾರೆ, ಈಗಲೇ ನಾಲ್ಕೂಕಾಲು.

ಯಾಕೆ ನಗ್ತೀಯ? ಐವತ್ತೇಳಕ್ಕೆ ಇದೆಲ್ಲ ಬೇಕಾ ಅಂತಲಾ? ಪೂರ್ವಸಿದ್ಧತಾ ತರಗತಿ ಅಂತ ಹೆಸರಲ್ಲೇ ಇದೆಯಲ್ಲ! ಸಿದ್ಧ ಇಲ್ಲದವರಿಗೇ ಅದು. ಫೀಸೂ ಇಲ್ಲ. ಇದನ್ನ ಪಾಸು ಮಾಡಿದ್ರೆ ಡಿಗ್ರಿಗೆ ಸೇರಿಸ್ಕೋತಾರೆ. ನಲವತ್ತು ವರ್ಷ ಬೆಲ್ಟಿನ ಪಕ್ಕ ನಿಂತು ಒಳಗೆ ಕಪ್ಪಾದ ಆಲೂಗಡ್ಡೆ ಆರಿಸಿ ಬಿಸಾಕಿದೀನಿ. ಹೊರಗೆ ಚೆನ್ನಾಗೇ ಇರುತ್ತೆ, ಕೊಯ್ದರೆ ಕಪ್ಪು! ಯಾಕೆ ಕಪ್ಪಾಗುತ್ತೆ? ಗೊತ್ತಿಲ್ಲ. ಅದನ್ನ ತಿಳ್ಕೊಳ್ಳದೆ ಸಾಯೋಕೆ ನಂಗೆ ಇಷ್ಟ ಇಲ್ಲ ಕಣೇ. ಅಷ್ಟೇ.

ಏನು, ಕೆಂಪಕ್ಷರ? ಓದು. 'ಈ ಹೆಸರು, ಈ ಹುಟ್ಟಿದ ದಿನದ ವಿದ್ಯಾರ್ಥಿಯ ದಾಖಲೆ ನಮ್ಮಲ್ಲಿದೆ'... ಛೇ! ಬೇರೆ ಯಾವನೋ ಇರಬೇಕು. ಟಾಸ್ಮೇನಿಯಾದಲ್ಲಿ ಇನ್ನೊಬ್ಬ ಮರ್ವಿನ್ ಸ್ಟಬಿಂಗ್ಸ್ ಇರಬಾರದಾ? ಅದೇ ದಿನ ಹುಟ್ಟಿರಬಾರದಾ? ಇನ್ನೊಂದು ಸಲ ಒತ್ತು. ಜೋರಾಗಿ ಒತ್ತು.

...ಮತ್ತೆ ಅದೇನಾ? ನೋಡು, ಒಂದು ಫಾರಂ ನೆಟ್ಟಗೆ ಮಾಡೋಕೆ ಬರಲ್ಲ ಇವರಿಗೆ! ನಮ್ಮ ಕಾರ್ಖಾನೇಲಿ ಹೀಗೆ ಮಾಡಿದ್ರೆ...

ನನ್ನನ್ನ ಯಾಕೆ ಹಾಗೆ ನೋಡ್ತೀಯ? ಕೈ ಯಾಕೆ ಕಟ್ಟಿಕೊಂಡೆ? ಟೈಪ್ ಮಾಡು ಮಾರಾಯ್ತಿ, ಹೊತ್ತಾಗ್ತಿದೆ.

ಐಲ್ಸಾ.

ಸರಿ... ಹೋಗಿದ್ದೆ. ಹೋದ ವರ್ಷ. ನಾಲ್ಕು ವಾರ, ಬರೀ ನಾಲ್ಕು ಬುಧವಾರ. ಅದನ್ನ ಓದಿದ್ದು ಅಂತಾರಾ? ಮೊದಲನೇ ಪ್ರಬಂಧ ಬರೆದುಕೊಟ್ಟೆ, ನೂರಕ್ಕೆ ನಲವತ್ತೊಂದು ಕೊಟ್ಟರು. ಆ ಟೀಚರಮ್ಮ ಒಳ್ಳೆಯವಳೇ ಪಾಪ, 'ಎಲ್ಲರಿಗೂ ಮೊದಲು ಹೀಗೇ, ಬನ್ನಿ, ಕೂತು ನೋಡೋಣ' ಅಂತ ಪಕ್ಕದಲ್ಲಿ ಬರೆದಿದ್ದಳು. ನಾನು ಹೋಗಲಿಲ್ಲ. ಆಲೂಗಡ್ಡೇಲಿ ಒಂದೇ ಒಂದು ಚುಕ್ಕೆ ಇದ್ರೂ ದನಕ್ಕೆ ಹಾಕು ಅಂತ ಕಾರ್ಖಾನೆ ಹುಡುಗರಿಗೆ ನಲವತ್ತು ವರ್ಷ ಬೈದವನು, ನನಗೆ ಮಾತ್ರ ಬೇರೆ ಲೆಕ್ಕ ಇಟ್ಟುಕೊಳ್ಳೋಕಾಗುತ್ತಾ? ಬಿಡ್ತೀನಿ ಅಂತ ಗಡುವಿನೊಳಗೆ ಒಂದು ಚೀಟಿ ಬರೆದುಕೊಟ್ಟಿದ್ರೆ ದಾಖಲೆನೇ ಇರ್ತಿರಲಿಲ್ಲವಂತೆ. ಅದನ್ನೂ ಕೊಡಲಿಲ್ಲ. ಸುಮ್ಮನೆ ನಾಪತ್ತೆಯಾದೆ. ನಾನು! ಮಗ ಗಿಟಾರ್ ಕ್ಲಾಸ್ ಬಿಟ್ಟಾಗ ಒಂದು ವಾರ ಮಾತಾಡಿಸದೇ ಇದ್ದ ನಾನು!

ನಿನಗೆ ಬೌಲ್ಸ್ ಕ್ಲಬ್ಬು, ಹುಲ್ಲಿನ ಮೇಲೆ ಚೆಂಡು ಉರುಳಿಸೋಕೆ ಹೋಗ್ತೀನಿ ಅಂತ ಹೇಳಿದ್ದೆ. ಗೊತ್ತು, ಸುಳ್ಳು. ಕ್ಲಾಸು ಬಿಟ್ಟ ಮೇಲೂ ಬುಧವಾರ ಬಂದರೆ ಹೊರಡಲೇಬೇಕಾಯ್ತು, ಇಲ್ಲದಿದ್ದರೆ ನೀನು ಯಾಕೆ ಅಂತ ಕೇಳ್ತಿದ್ದೆ. ಆಟಕ್ಕೆ ಅಂತ ನೀನು ಇಸ್ತ್ರಿ ಮಾಡಿಟ್ಟ ಬಿಳಿ ಪ್ಯಾಂಟು, ಬಿಳಿ ಅಂಗಿ ಹಾಕ್ಕೊಂಡು ಹೊಳೆ ಸಮುದ್ರ ಸೇರೋ ಜಾಗಕ್ಕೆ ಹೋಗಿ, ಕಾರಲ್ಲೇ ಕೂತು ಅರಿಶಿನ ಮಸಾಲೆಯ ಚಿಪ್ಪುಮೀನಿನ ಪೈ ತಿಂದು, ಕತ್ತಲಾಗೋ ಮುಂಚೆ ವಾಪಸ್. ಜೂನ್ ತನಕ! ಮದುಮಗನ ಥರಾ ಬಿಳಿ ಬಟ್ಟೇಲಿ ಒಬ್ಬನೇ! ಸೀಗಲ್ ಹಕ್ಕಿಗಳಿಗೂ ನನ್ನ ಗುರುತು ಸಿಕ್ಕಿಬಿಟ್ಟಿತ್ತು...

ನಗಬಹುದು ಈಗ. ನಗೋ ಮಾತೇ ಇದು. ನಗೋದಿಲ್ವಾ? ಬೈಯಾದರೂ ಬೈ.

...ತಾಳು. ನಿನಗೆ ಆಶ್ಚರ್ಯವೇ ಆಗಿಲ್ಲವಲ್ಲ!

ಬೌಲ್ಸ್ ಆಟ... ಚಳಿ ಶುರುವಾಗೋ ಏಪ್ರಿಲ್‌ಗೇ, ಈಸ್ಟರ್‌ಗೇ ಮುಗಿದುಹೋಗುತ್ತೆ. ಹುಲ್ಲುಹಾಸಿಗೆ ಬೀಗ ಹಾಕ್ತಾರೆ. ನಿನ್ನ ಅಣ್ಣನೇ ಅಲ್ಲಿ ಕಾರ್ಯದರ್ಶಿ. ಅಯ್ಯೋ ನನ್ನ ಬುದ್ಧಿಯೇ! ಅಂದರೆ ಬೀಗ ಹಾಕಿದ ಮೇಲೂ ಎಂಟೊಂಬತ್ತು ವಾರ, ಪ್ರತಿ ಬುಧವಾರ, ಎಲ್ಲಾ ಗೊತ್ತಿದ್ದೂ... ಆ ಪ್ಯಾಂಟಿಗೆ ಗೆರೆ ಕೂರಿಸಿ ಇಸ್ತ್ರಿ ಮಾಡಿಟ್ಟೆಯಾ ನೀನು? ಮಂಡಿ ಮೇಲೆ ಹುಲ್ಲಿನ ಕಲೆ ಒಂದೂ ಇಲ್ಲ, ತೊಡೆ ಮೇಲೆ ಪೈನ ಅರಿಶಿನ ಬಣ್ಣ! ಅದನ್ನ ಒಗೆದು, ಒಂದು ಮಾತೂ ಕೇಳದೆ...

ಎಷ್ಟು ಗಂಟೆ? ಐದಕ್ಕೆ ಹತ್ತು ನಿಮಿಷ. ಸರಿ. ಲ್ಯಾಪ್‌ಟಾಪ್ ಇತ್ತ ತಿರುಗಿಸು. ಬೇಡ, ನೀನು ಒತ್ತಬೇಡ, ಒಂದೇ ಬೆರಳಾದರೂ ನಾನೇ ಒತ್ತಬೇಕು. 'ಹೌದು.' ಆಯ್ತಾ? ಈಗೇನು? 'ಮರಳಿ ಬರುವ ವಿದ್ಯಾರ್ಥಿಗಳು ಕಾರಣ ಕೊಡಬೇಕು. ಯಾಕೆ ಬಿಟ್ಟಿರಿ?' ಹ್ಞೂಂ. 'ಹೆ-ದ-ರಿ-ದೆ.' ಸಾಕು, ಇದಕ್ಕಿಂತ ಉದ್ದ ಬೇಕಿಲ್ಲ.

'ಈ ಸಲ ಏನು ಬದಲಾಗಿದೆ?'

ಇದಕ್ಕೇನು ಬರೀಲಿ, ಐಲ್ಸಾ? ಹೇಳು. ...ಹೇಳಲ್ವಾ? ಒಂದು ವರ್ಷ ಬಾಯಿ ಬಿಡದವಳು ಈಗ ಬಿಡ್ತೀಯಾ!

ಬರೆದೆ. ಬಗ್ಗಿ ಓದು, ತಪ್ಪಿದ್ದರೆ ಹೇಳು. 'ಹೆಂಡತಿಗೆ ಎಲ್ಲಾ ಗೊತ್ತಿದೆ ಅಂತ ನನಗೀಗ ಗೊತ್ತಾಗಿದೆ.'

ಕಳಿಸಲಾ?