ಫ್ಯಾಕ್ಟರಿಗೆ ಮನಿ ಅಳಿಯತನ

ಬರ್ತಾಳಪ್ಪ, ಬರ್ತಾಳ. ಎಷ್ಟು ಸಲ ಹಾರ್ನ್ ಹೊಡಿತಿ? ಊರಾಗಿನ ಕುರಿ ಎಲ್ಲ ಬೆದರ್ಯಾವ ನೋಡು... ಹೇಳಿದೆನಲ್ಲ, ನನ್ನ ಮಗಳು ನಾಗಜ್ಯೋತಿ ಟೇಲರ್ ಜಯಕ್ಕನ ಮನಿಗೆ ಹೋಗ್ಯಾಳ. ನಿಮ್ಮ ಕಾರ್ ಫ್ಯಾಕ್ಟರಿಯಾಗ ನೌಕರಿ, ಅಲ್ಲೇ ಹಾಸ್ಟೆಲಿನ್ಯಾಗ ಇರೋದು ಅಂದ್ರ ಸುಮ್ಮನ ಏನು? ಡ್ರೆಸ್ಸು ಬಿಗಿ ಮಾಡಿಸಬೇಕಂತ. ಮೊದ್ಲು ಸಡಲ ಮಾಡಿಸಿದ್ಲು, ಈಗ ಬಿಗಿ. ಹೆಣ್ಣುಮಕ್ಕಳ ಹೊಲಿಗಿ ಗೊತ್ತಿಲ್ಲೇನು ನಿನಗ? ಲಗ್ನ ಆಗೇತೋ ಇಲ್ಲೋ?... ಇಲ್ಲಾ? ಹಂಗಾರ ಗೊತ್ತಿರಂಗಿಲ್ಲ ಬಿಡು.

ಇಳಿ ಕೆಳಗ. ಎಂಜಿನ್ ಆರಿಸು. ಕಂಪನಿ ಡೀಜಲ್ ಅಂತ ಹಂಗ ಸುಡಬಾರದು. ಬಾ, ಈ ಬೇವಿನ ಕಟ್ಟಿ ಮ್ಯಾಲ ಕುಂದ್ರು. ಗೊತ್ತೈತಿ, ಗೊತ್ತೈತಿ... ಇವತ್ತು ಬಸ್ಸು ತಪ್ಪಿದ್ರ ಆಕಿ ಕೆಲಸ ಇನ್ನೊಬ್ಬಾಕಿಗೆ. ಅದನ್ನ ಎಷ್ಟು ಸಲ ಹೇಳ್ತಿ? ಒಂದು ಚಂಬು ನೀರು ಕುಡಿಯೋದರಾಗ ಬರ್ತಾಳ.

ಫೋನಾ? ಹಚ್ಚಬ್ಯಾಡ. ಜಯಕ್ಕನ ಮನಿ ತಗ್ಗಿನ್ಯಾಗ ಐತಿ. ಅಲ್ಲಿ ಟವರ್ ಸಿಗಂಗಿಲ್ಲ.

ಏನು ಹೆಸರು? ಸೂರಿ. ಚಂದ ಐತಿ. ಸಣ್ಣದು. ನನ್ನದು ಯರ್ರೆಪ್ಪ. ಆ ನೀಲಿ ಬಾಗಿಲ ಕಾಣಸ್ತೈತಲ್ಲ, ಅದ ನಮ್ಮ ಮನಿ. ನಮ್ಮದು ಅಂದ್ರ... ಇರ್ಲಿ. ಕನ್ನಡ ತಿಳಿತೈತಿಲ್ಲ ನಿನಗ? ತೆಲುಗಾ? ಅರ್ಥಂ ಅವುತುಂದಾ?... ಎರಡಕ್ಕೂ ತಲಿ ಆಡಿಸಿದಿ. ಚಲೋ ಆತು. ಇಲ್ಲಿ ಹಂಗ. ಸಂತ್ಯಾಗ ತೆಲುಗು, ಮನ್ಯಾಗ ಕನ್ನಡ, ಸಿಟ್ಟು ಬಂದ್ರ ಎರಡೂ.

ಸೂರಿ, ಒಂದು ಮಾತು ಹೇಳ್ಲಾ? ನಿಮ್ಮ ಫ್ಯಾಕ್ಟರಿ ಇಲ್ಲಿಗೆ ಬರಬೇಕಾಗಿತ್ತು.

ಹುಬ್ಬು ಯಾಕ ಏರಸ್ತಿ? ಸುಳ್ಳಲ್ಲ. ನಾಕು ವರ್ಷದ ಹಿಂದ ಜಾಗ ನೋಡಾಕ ಬಂದಿದ್ರು. ಕಾರಿಗೆ ವೈರು ಹೆಣಿಯೋ ಫ್ಯಾಕ್ಟರಿ, ಎಲ್ಲಾ ಹುಡುಗ್ಯಾರಿಗೇ ಕೆಲಸ ಅಂದ್ರು. ಕಾರಿನೊಳಗ ಜಡಿ ಹೆಣದಂಗ ವೈರು ಇರ್ತಾವಂತಲ್ಲ? ದೀಪಕ್ಕೊಂದು, ಹಾರ್ನಿಗೊಂದು... ಹ್ಞಾಂ, ಅದ. ಸರ್ಕಾರದವರು ಮೂರು ಊರು ತೋರಿಸಿದ್ರು. ಅದರಾಗ ನಮ್ಮದೊಂದು. ಫ್ಯಾಕ್ಟರಿ ಕರಿಯೋದು ಹೆಂಗ ಅಂತ ನಮಗ ಯಾರಿಗೆ ಗೊತ್ತಿತ್ತು? ಕನ್ಯಾ ತೋರಿಸೋದು ಗೊತ್ತಿತ್ತು. ಹಂಗ ಮಾಡಿದ್ವಿ.

ಸಾಲಿಗೆ ಸುಣ್ಣ ಹೊಡದ್ವಿ. ಒಗ್ಗರಣಿ ಮಂಡಕ್ಕಿ, ಮಿರ್ಚಿ. ತಗ್ಗು ಬಿದ್ದ ರೋಡಿಗೆ ಮಣ್ಣು. ಎಲ್ಲಾ ಆತು. ಆದ್ರ ಹೊಲ? ನಮ್ಮದು ಎರಿ ನೆಲ. ಬ್ಯಾಸಗಿ ಬಂತಂದ್ರ ಬಾಯಿ ಬಿಡ್ತೈತಿ. ಅಂಥಾ ಬಿರುಕು, ಕುರಿಮರಿ ಕಾಲು ಹೋಗ್ತೈತಿ. ಹಿರಿಯ ಮೂಕಪ್ಪ ಅಂದ, "ಹೆಣ್ಣಿಗೆ ಹಲ್ಲು ಸಂದು ಇದ್ರ ಬಾಯಿ ಮುಚ್ಕೊಂಡು ಕುಂದ್ರು ಅಂತೀವಿಲ್ಲ? ನೆಲಕ್ಕೂ ಹಂಗ ಮಾಡ್ರಿ." ಮಾಡಿದ್ವಿ! ಬಿರುಕಿನ್ಯಾಗ ಶೇಂಗಾ ಹೊಟ್ಟು ತುಂಬಿದ್ವಿ. ಮ್ಯಾಲ ಮಣ್ಣು. ಟ್ಯಾಂಕರಿನಿಂದ ನೀರು. ಹೊಲ ಹೆಂಗ ಆಗಿತ್ತಂತಿ, ಸಾರಿಸಿದ ಪಡಸಾಲಿ!

ಬಂದ್ರು. ಬೂಟು, ಟೋಪಿ, ಕರಿ ಕನ್ನಡಕ. ಒಬ್ಬವ ದೊಡ್ಡ ಸಾಹೇಬ, ಬ್ಯಾರೆ ದೇಶದವ. ಹೊಲದ ನಡು ನಿಂತು ಕೈ ಚಾಚಿ ಏನೋ ಹೇಳಾಕತ್ತಿದ್ದ. ಗೇಟು ಅಲ್ಲಿ, ಗೋಡಾನು ಇಲ್ಲಿ, ಹಂಗೇನೋ. ಒಂದು ಹೆಜ್ಜಿ ಹಿಂದಕ್ಕ ಇಟ್ಟ ನೋಡು... ಮೊಣಕಾಲು ಮಟ ಒಳಗ!

ನಗು, ನಗು. ಈಗ ನಗಬಹುದು. ಅವತ್ತು ನಗಂಗಿರಲಿಲ್ಲ. ಊರೆಲ್ಲ ಉಸಿರು ಹಿಡದು ನಿಂತೈತಿ. ಮೂಕಪ್ಪ ಹೆಸರಿಗೆ ತಕ್ಕಂಗ ಮೂಕ ಆಗ್ಯಾನ. ಅಷ್ಟರಾಗ ಒಬ್ಬಾಕಿ ನಕ್ಕಳು. ಸೆರಗು ಬಾಯಿಗೆ ಇಟ್ಕೊಳ್ಳಲಿಲ್ಲ. ಗಟ್ಟಿಯಾಗಿ.

ಯಾರಂತಿ? ನನ್ನ ಹೆಂಡ್ತಿ. ಉಚ್ಚಮ್ಮ.

ಕಾಲು ಬಂತು, ಬೂಟು ಬರ್ಲಿಲ್ಲ. ಆಕೀನ ಹೋಗಿ ಕುರಿ ಹಿಡಿಯೋ ಕೊಕ್ಕಿ ಕೋಲು ತಂದು ಬೂಟು ಎತ್ತಿ ಕೊಟ್ಟಳು, ನಕ್ಕೋಂತನ. ಸಾಹೇಬನೂ ನಕ್ಕ, ನನಗ ನೆನಪೈತಿ. ಆದ್ರೂ ಫ್ಯಾಕ್ಟರಿ ಆ ಕಡಿ ದೂರದ ಊರಿಗೆ ಹೋತು. ಊರು ಮಂದಿ ಇವತ್ತಿಗೂ ಅಂತಾರ, ಉಚ್ಚಮ್ಮ ನಕ್ಕಿದ್ದಕ್ಕ ಹೋತು ಅಂತ. ಅಲ್ಲಪ್ಪ, ಆಕಿ ನಕ್ಕಿದ್ದಕ್ಕ ಓಡಿ ಹೋಗಂಗಿದ್ರ ಮೊದ್ಲು ನಾನು ಓಡಬೇಕಾಗಿತ್ತು. ಆಕಿ ಏನಂದ್ಲು ಗೊತ್ತಾ? "ನೆಲ ಬಾಯಿ ಬಿಡ್ತೈತಿ ಅಂತ ಮೊದ್ಲ ಹೇಳಿದ್ರ ಅದಕ್ಕ ತಕ್ಕಂಗ ಬುನಾದಿ ಹಾಕ್ತಿದ್ರು. ಮುಚ್ಚಿಟ್ರಿ, ಹೋದ್ರು."

ಅಷ್ಟ ಅಂದ್ಲು. ಮತ್ತ ನಕ್ಕಳು.

ಈಗಾ? ಈಗ ಆಕಿ ಇಲ್ಲ. ಎರಡು ಉಗಾದಿ ಆತು.

...ಇರ್ಲಿ ಬಿಡು. ಹಂಗ ತಲಿ ಬಗ್ಗಿಸಬ್ಯಾಡ. ನೀರು ಕುಡಿ.

ಬಸ್ಸಿನ್ಯಾಗ ಆ ಕಿಟಕಿ ಹತ್ರ ಕುಂತ ಹುಡುಗಿ ಯಾವೂರಾಕಿ?... ಸಿ. ಬೆಳಗಲ್ಲಾ! ಏ ತಂಗೀ, ನಂದೂ ಅದ ಊರು! ಹೌದು ಮತ್ತ. ನಾನು ಈ ಊರಿಗೆ ಮನಿ ಅಳಿಯ ಆಗಿ ಬಂದವ. ಇಲ್ಲರಿಕಂ, ಸೂರಿ, ಇಲ್ಲರಿಕಂ. ಯಾಕ ನಗ್ತಿ? ನಗೋದೇನೈತಿ ಅದರಾಗ? ನಮ್ಮ ಮಾವಗ ಒಬ್ಬಾಕೀ ಮಗಳು, ಕಳಿಸಾಕ ಮನಸಿಲ್ಲ. ಅಳಿಯನ್ನ ತಂದು ಮನ್ಯಾಗ ಇಟ್ಕೊಂಡ. ಸುಮ್ಮನ ಬರ್ತಾರೇನು ಅಳಿಯಂದ್ರು? ಜೋಡೆತ್ತು ಕೊಡ್ತೀನಿ ಅಂದ. ಒಂದು ಕುರಿ ಹಿಂಡು. ಮ್ಯಾಲ ಒಂದು ರೇಡಿಯೋ. ನಾನು ರೇಡಿಯೋಕ್ಕ ಒಪ್ಪಿದೆ.

ನಿಮ್ಮ ಫ್ಯಾಕ್ಟರಿನೂ ಮನಿ ಅಳಿಯನ ಅಲ್ಲೇನು? ಆ ಊರವರು ಕರದ್ರು. ಸಸ್ತಾಕ್ಕ ನೆಲ ಕೊಟ್ರು. ಬಾಗಿಲ ಮಟ ರೋಡು, ಬಾಗಿಲ ಮಟ ನೀರು. ಕರೆಂಟಿಗೆ ರಿಯಾಯಿತಿ, ಇಷ್ಟು ವರ್ಷ ತೆರಿಗಿ ಬ್ಯಾಡ ಅಂದ್ರು. ಹುಡುಗ್ಯಾರಿಗೆ ಮೊದ್ಲ ಕೆಲಸ ಕಲಿಸಿ, ತಯಾರು ಮಾಡಿ ಇಟ್ರು. ಅಳಿಯ ಬಂದು ಕಾಲು ಚಾಚಿ ಕುಂತಾನ. ತಪ್ಪು ಅನ್ನಂಗಿಲ್ಲ. ಕರಿಯೋದು ಹಂಗ. ನಾವು ಮಂಡಕ್ಕಿ ಕೊಟ್ವಿ, ಅವರು ಜೋಡೆತ್ತು ಕೊಟ್ರು.

ಆದ್ರ ಅಳಿಯ ನಿಲ್ಲಬೇಕಲ್ಲ? ಎತ್ತಿಗೆ ಬಂದವ ಎತ್ತಿಗೇ ಹೋಗ್ತಾನ. ನಾಳೆ ಇನ್ನೊಂದು ಊರು ನಾಕು ಎತ್ತು ತೋರಿಸಿದ್ರ?... ನಾನೂ ಹೋಗಿದ್ದೆ, ಸೂರಿ. ರೇಡಿಯೋ ಕೆಟ್ಟಿತು. ಮಾವ ರಿಪೇರಿ ಮಾಡಿಸಲಿಲ್ಲ. ಸಿಟ್ಟಾಗಿ ಬೆಳಗಲ್ಲಿಗೆ ನಡದ್ಬಿಟ್ಟೆ. ಆಕಿ ಬಂದ್ಲು. ಬಾ ಅನ್ನಲಿಲ್ಲ. ಯಾಕ ಬಂದಿ ಅನ್ನಲಿಲ್ಲ. ನಮ್ಮವ್ವನ ಪಕ್ಕ ಕುಂತು ರೊಟ್ಟಿ ಬಡದ್ಲು. ನನ್ನ ಮುಖ ನೋಡಿದ್ಲು, ನಕ್ಕಳು. ಕೈ ತೊಳಕೊಂಡು ಎದ್ದು ನಡದ್ಲು. ನಾನೂ ಎದ್ದೆ. ಹಿಂದಿಂದ ನಡದೆ. ಅಷ್ಟ. ಆಮ್ಯಾಲ ರೇಡಿಯೋ ಕೇಳಲೇ ಇಲ್ಲ.

ಏ, ಗಡಿಯಾರ ನೋಡಬ್ಯಾಡ. ಬರ್ತಾಳ.

ಹಂಗಲ್ಲ, ನಾನು ಹೇಳೋದು ಕೇಳು. ನೀನು ಡ್ರೈವರ್, ಗೊತ್ತೈತಿ. ಆದ್ರ ಡ್ರೈವರ್ ಮಾತು ಮ್ಯಾನೇಜರ್ ಕಿವಿಗೆ ಬೀಳ್ತೈತಿ. ಹೇಳು ಅವನಿಗೆ. ಈ ಬಸ್ಸು ನಮ್ಮ ಹುಡುಗ್ಯಾರನ್ನ ಹೊತ್ಕೊಂಡು ಅಲ್ಲಿಗೆ ಹೋಗೋ ಬದ್ಲಿ ಫ್ಯಾಕ್ಟರಿನ್ನ ಹೊತ್ಕೊಂಡು ಇಲ್ಲಿಗೆ ಬರಲಿ. ಪೂರಾ ಬ್ಯಾಡ. ಒಂದು ತುಂಡು. ಇಲ್ಲೇ ಹತ್ರ ಆದವಾನ್ಯಾಗ ರೈಲು ಐತಿ, ಬೊಂಬಾಯಿಗೂ ಹೋಗ್ತೈತಿ, ಮದ್ರಾಸಿಗೂ ಹೋಗ್ತೈತಿ. ಹತ್ತಿ ಮಿಲ್ಲಿನ ಮಂದಿ ಅದಾರ, ಮಷಿನ್ ಸಪ್ಪಳಕ್ಕ ಹೆದರೋರಲ್ಲ. ನೆಲ ಬಾಯಿ ಬಿಡ್ತೈತಿ ಅಂತ ಈ ಸಲ ಮೊದ್ಲ ಹೇಳಿಬಿಡ್ತೀವಿ. ಕೆಂಪು ಮಣ್ಣಿನ ದಿಬ್ಬ ಐತಿ ಆ ಕಡಿ, ಅದನ್ನ ತೋರಸ್ತೀವಿ.

ಅದೂ ಬ್ಯಾಡಾ? ನನ್ನ ಪಡಸಾಲಿ ಕೊಡ್ತೀನಿ. ಹ್ಞೂಂ! ಬಾಡಿಗಿ ಬ್ಯಾಡ, ತೆರಿಗಿ ಬ್ಯಾಡ, ಕರೆಂಟು ನಂದ. ವೈರು ತಂದು ಸುರುವಿ ಹೋಗು. ಜ್ಯೋತಿ ಕುಂತು ಹೆಣಿತಾಳ. ಸಂಜಿಮುಂದ ನೀನು ಬಂದು ಒಯ್ಯಿ, ಡೈರಿಯವರು ಹಾಲು ಒಯ್ದಂಗ...

...

ಈ ಸಲ ನಗಲಿಲ್ಲ ನೀನು.

ಒಳಗ ಹುಡುಗ್ಯಾರೂ ನನ್ನ ಕಡೆನ ನೋಡಾಕತ್ಯಾರ. ಏನಾರ ಅನ್ರಿ. ಮುದುಕಗ ಹುಚ್ಚು ಅನ್ರಿ, ಏನಾರ...

ಯಾರಿಗೆ ಹಚ್ಚಾಕತ್ತಿ? ಹೇಳಿದೆನಲ್ಲ ಸೂರಿ, ಅಲ್ಲಿ ಟವರ್...

...

ಆ ಸಪ್ಪಳ ನನ್ನ ಕಿಸೆದಾಗಿಂದಲ್ಲ.

...ನನ್ನ ಕಿಸೆದಾಗಿಂದನ. ಆರಿಸಪ್ಪ. ಆರಿಸು ಅದನ್ನ. ಆಕಿದ ಫೋನು.

ಬೈದ್ಬಿಡು. ಬೈಯಂಗಿಲ್ಲಾ? ಹಂಗ ನೋಡ್ಕೋಂತ ಕುಂತ್ರ ನಾನು ಏನು ಮಾಡ್ಲಿ...

ಟೇಲರ್ ಮನ್ಯಾಗ ಇಲ್ಲ ಆಕಿ. ಪೆದ್ದಕಡುಬೂರಾಗ ಅದಾಳ, ನಮ್ಮಕ್ಕ ಲಿಂಗಕ್ಕನ ಮನ್ಯಾಗ. ಬಸ್ಸು ನಾಳೆ ಅಂತ ನೀವ ಹೇಳಿದ್ರಿಲ್ಲ ಮೊದ್ಲು? ಸೋದರತ್ತಿಗೆ ಹೇಳಿ ಬರ್ತೀನಿ ಅಂತ ನಿನ್ನೆ ಮಧ್ಯಾಹ್ನ ಹೋದ್ಲು. ಫೋನಿನ ಗಾಜು ಒಡದಿತ್ತು. "ಅಪ್ಪಾ, ಆದವಾನ್ಯಾಗ ಹಾಕಸ್ಕೊಂಡು ಬಾ" ಅಂತ ನನ್ನ ಕೈಗೆ ಕೊಟ್ಟು ಹೋದ್ಲು. ಸಂಜಿಗೆ ನಿನ್ನ ಫೋನ್ ಬಂತು. ಒಂದಿನ ಮೊದ್ಲ ಬರ್ತೀವಿ, ಬೆಳಿಗ್ಗಿ ತಯಾರಿರ್ಲಿ ಅಂದಿ. ಹ್ಞೂಂ ಅಂದವ ನಾನು.

ಆಕಿಗೆ ಹೇಳಲಿಲ್ಲ.

ನಾನೇನೂ ಮಾಡಲಿಲ್ಲಪ್ಪ. ಬಾಗಿಲಿಗೆ ಕೀಲಿ ಹಾಕಿಲ್ಲ, ಹೋಗಬ್ಯಾಡ ಅಂದಿಲ್ಲ. ಬರೇ ಹೇಳಲಿಲ್ಲ, ಅಷ್ಟ. ಬಸ್ಸು ಬರ್ತೈತಿ, ನಿಲ್ತೈತಿ, ಹೋಗ್ತೈತಿ. ಆಕಿ ನಾಳೆ ಬಂದು ಇಲ್ಲಿ ಚೀಲ ಹಿಡ್ಕೊಂಡು ನಿಲ್ತಾಳ... ಅಲ್ಲಿಂದ ಮುಂದ ನಾನು ವಿಚಾರ ಮಾಡಿಲ್ಲ.

ಗ್ವಾಡಿ ಆಕಿವ್ವಂದು. ಒಲಿ ಆಕಿವ್ವಂದು. ಆಕಿವ್ವ ಇಲ್ಲ. ಜ್ಯೋತಿನೂ ಹೋದ್ರ ಆ ನೀಲಿ ಬಾಗಲದೊಳಗ ನಾನು ಯಾರಂತ ಇರ್ಲಿ, ಸೂರಿ? ಮನಿ ಅಳಿಯ ಅಂದ್ರ ಯಾರ ಅಳಿಯ?

...ಎದ್ದಿ ಯಾಕ?

ಎಲ್ಲಿಗೆ? ಹೊಂಟ್ಯಾ? ಹೊಂಟೇಬಿಟ್ಯಾ?... ಹೋಗು. ಹೋಗಪ್ಪ, ನಿನಗೂ ಹೊತ್ತಾತು. ಹುಡುಗ್ಯಾರು ಕಾದಾರ. ಹೋಗು...

ತಡಿ! ಏ ಸೂರಿ, ತಡಿ, ಎಂಜಿನ್ ಹಚ್ಚಬ್ಯಾಡ! ಹಚ್ಚು... ಹಚ್ಚು, ಆದ್ರ ಹೋಗಬ್ಯಾಡ. ಆಕಿ ಚೀಲ ತರ್ತೀನಿ. ಬಾಗಿಲ ಹಿಂದ ಐತಿ. ಕಟ್ಟಿಟ್ಟೀನಿ. ಹೌದು, ನಾನ ಕಟ್ಟಿದ್ದು, ನಿನ್ನೆ ನಿನ್ನ ಫೋನ್ ಬಂದ ಮ್ಯಾಲ. ಯಾಕಂತ ಕೇಳಬ್ಯಾಡ, ನನಗೂ ತಿಳೀವಲ್ದು.

ಹ್ಞಾಂ... ಬಂದೆ. ಹಿಡಿ ತಂಗೀ ಇದನ್ನ, ರೊಟ್ಟಿ ಅದಾವ ಮ್ಯಾಲ, ಒತ್ತಬ್ಯಾಡ. ಜರಾ ಸರಿ. ಮುಂದ ಕುಂದ್ರತೀನಿ. ಪೆದ್ದಕಡುಬೂರಾಗ ಲಿಂಗಕ್ಕನ ಓಣಿ ನಿನಗ ಸಿಗಂಗಿಲ್ಲ, ನಾನು ತೋರಸ್ತೀನಿ. ನಡಿ.

ಮತ್ತ... ಅಲ್ಲಿ ಹೋದ ಮ್ಯಾಲ ಆಕಿಗೆ ಹಿಂಗನ್ನು. ಬಸ್ಸು ಒಂದಿನ ಮೊದ್ಲ ಬಂತು, ನಿಮ್ಮಪ್ಪ ತಾನ ಹತ್ತಿ ಇಲ್ಲಿಗೆ ಕರ್ಕೊಂಡು ಬಂದ ಅನ್ನು. ಸುಳ್ಳಲ್ಲಲ್ಲ ಅದು? ಒಂದಕ್ಷರ ಸುಳ್ಳಿಲ್ಲ ಅದರಾಗ... ಹೌದಿಲ್ಲೋ?

...ತಲಿ ಅಡ್ಡ ಆಡಸ್ತಿ.

ಆತಪ್ಪ. ಆತು. ನಾನ ಹೇಳ್ತೀನಿ ಆಕಿಗೆ. ನೀನು ರೋಡು ನೋಡು.