ಎರಡು ಕೋಣೆಗೆ ಒಂದೇ ಕೊಳಲು

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಕ್ಕಾನಾ? ಭಾವ ಎಲ್ಲಿ?...

...ಇಲ್ಲ ಅಕ್ಕ, ಊಟ ಆಮೇಲೆ. ಕ್ಲಿನಿಕ್ಕಿಂದಲೇ ಮಾತಾಡ್ತಿದ್ದೀನಿ. ಭಾವ ತಮ್ಮ ಹಳೇ ಹೋಮ್ ಥಿಯೇಟರ್ ಕೊಟ್ರಲ್ಲ, ಆ ಡಬ್ಬದ್ದೇ ಗೋಳು... ಏನು? ಅದು ಮನೆಯಿಂದ ಹೋದ ಮೇಲೆ ನಿಂಗೆ ತಲೆನೋವೇ ಬಂದಿಲ್ವಾ? ಸಂತೋಷ. ಈಗ ಆ ತಲೆನೋವು ಇಲ್ಲಿದೆ. ಕೊಡು ಅವರಿಗೆ...

ಹಾಂ ಭಾವ, ನಮಸ್ಕಾರ. ನೋಡಿ, ಒಳಗೆ ಕೊಳಲು ಕೇಳಿಸ್ತಿದೆ, ಹೊರಗೆ ಪಿಟಕ್ ಅಂತಿಲ್ಲ... ಒಳಗೆ ಅಂದ್ರೆ ನಾನು ಹಲ್ಲು ನೋಡೋ ಕೋಣೆ. ಹೊರಗೆ ಅಂದ್ರೆ ಜನ ಕಾಯೋ ಕೋಣೆ. ಇಲ್ಲೆರಡು ಸ್ಪೀಕರ್, ಅಲ್ಲೆರಡು. ಒಂದೇ ಡಬ್ಬದಿಂದ ಎರಡೂ ಕಡೆ ಹಾಡುತ್ತೆ ಅಂತ ಹೇಳಿದ್ದು ನೀವೇ ಅಲ್ವಾ?...

...ನಂಗೆ ಬೇಕಿರೋದೇ ಹೊರಗೆ ಭಾವ. ಒಳಗೆ ಬಂದೋರು ಹೇಗೂ ಸಿಕ್ಕಿಬಿದ್ದಿರ್ತಾರೆ. ಹೊರಗೆ ಕೂತೋರಿಗೆ ಡ್ರಿಲ್ ಸದ್ದು ಕೇಳಿಸಬಾರದು. ಬೆಳಗ್ಗೆ ಅದನ್ನ ಕೇಳಿ ಇಬ್ಬರು ಎದ್ದು ಹೋದ್ರು, ಒಬ್ಬರಂತೂ ಚಪ್ಪಲೀನೂ ಇಲ್ಲೇ ಬಿಟ್ಟು ಹೋಗಿದ್ದಾರೆ. ಹೋಗಿದ್ದೆಲ್ಲಿಗೆ? ಎದುರುಗಡೆ ಹೊಸ ಕ್ಲಿನಿಕ್ಕಿಗೆ. ಕಿಟಕಿಯಿಂದ ಎಲ್ಲಾ ಕಾಣುತ್ತೆ ನಂಗೆ. ಅಲ್ಲಿ ಮೀನಿನ ತೊಟ್ಟಿ ಇಟ್ಟಿದ್ದಾರಂತೆ. ಹದಿನೆಂಟು ವರ್ಷ ಹಲ್ಲು ನೋಡಿದ ಕೈ ಇದು. ಮೀನಿನ ಮುಂದೆ ಸೋಲ್ತಿದೆ ಅಂದ್ರೆ ಹೊಟ್ಟೆ ಉರಿಯಲ್ವಾ?...

ಈಗಲಾ? ಈಗ ಹೊರಗೆ ಮೂರು ಜನ ಇದ್ದಾರೆ. ಒಂದು ತಾಯಿ-ಮಗು, ಆಮೇಲೆ ರಿಟೈರಾದ ಮೇಷ್ಟ್ರೊಬ್ಬರು. ಇವರು ಉಳಿದ್ರೆ ಸಾಕು ಇವತ್ತಿಗೆ. ಒಳಗೆ ಕುರ್ಚಿ ಮೇಲೆ ಒಬ್ಬರು ಯಜಮಾನರು... ಇಲ್ಲ ಇಲ್ಲ, ಅವರಿಗೇನೂ ತೊಂದರೆ ಇಲ್ಲ, ಬಾಯಲ್ಲಿ ಹತ್ತಿ ಇಟ್ಟಿದ್ದೀನಿ, ಸುಮ್ನೆ ಮಲಗಿದ್ದಾರೆ. ಒಂದು ನಿಮಿಷ, ಮರಗಟ್ಟೋ ಇಂಜೆಕ್ಷನ್ ಕೊಟ್ಟುಬಿಡ್ತೀನಿ. ನೀವು ಹೇಳ್ತಾ ಇರಿ, ಫೋನ್ ಹೆಗಲಿಗೂ ಕಿವಿಗೂ ಮಧ್ಯೆ ಸಿಗಿಸ್ಕೊಂಡಿದ್ದೀನಿ... ಯಜಮಾನ್ರೇ, ಇರುವೆ ಕಚ್ಚಿದ ಹಾಗೆ ಅನ್ನಿಸುತ್ತೆ, ಅಷ್ಟೇ. ಆ ಅನ್ನಿ... ಆ ಅಂದ್ರೆ ಸಾಕು, ಕೈ ಆಡಿಸೋದು ಬೇಡ...

ಆಯ್ತು, ಹೇಳಿ ಭಾವ. ಮುಂದುಗಡೆ ಗುಂಡಿಗಳಾ? ಇದೆ, ಎ ಅಂತ ಒಂದು, ಬಿ ಅಂತ ಒಂದು. ಎ ಮೇಲೆ ದೀಪ ಉರೀತಿದೆ... ಹಾಂ, ಎ ಅಂದ್ರೆ ಒಳಗಿನ ಸ್ಪೀಕರ್, ಬಿ ಅಂದ್ರೆ ಹೊರಗಿಂದು. ಬಿ ಒತ್ತಲಾ? ಒತ್ತಿದೆ... ಎ ದೀಪ ಆರಿಹೋಯ್ತಲ್ಲ ಭಾವ. ಒಳಗಿನ ಕೊಳಲೂ ನಿಂತ್ಹೋಯ್ತು. ತಡೀರಿ, ನಮ್ಮ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಾರೆ, ಹೊರಗಿನ ಸಮಾಚಾರ ಅವರೇ ಹೇಳೋದು. ಸಿಸ್ಟರ್, ಅಲ್ಲಿ ಬಂತಾ?... ಬಂದಿಲ್ಲಂತೆ. ಇದ್ದಿದ್ದೂ ಹೋಯ್ತು...

...ಆ ಸದ್ದಾ? ಅದು ಸ್ಪೀಕರ್ ಅಲ್ಲ ಭಾವ, ಯಜಮಾನರು. ಆ ಆ ಅಂತಿದ್ದಾರೆ. ಹಾಡು ನಿಂತಿದ್ದಕ್ಕೆ ಬೇಜಾರಾಗಿರಬೇಕು. ಕೆನ್ನೆ ಬೇರೆ ತಟ್ಟಿ ತಟ್ಟಿ ತೋರಿಸ್ತಿದ್ದಾರೆ... ನೋವಾ? ಇರಬಹುದು. ಇನ್ನೊಂದು ಚೂರು ಔಷಧಿ ಹಾಕ್ತೀನಿ... ಆಯ್ತು ಯಜಮಾನ್ರೇ, ಇನ್ನು ನಾಲಿಗೇನೂ ಏಳಲ್ಲ, ಆರಾಮಾಗಿರಿ...

ಏನು ಸಿಸ್ಟರ್? ತಾಯಿ-ಮಗು ಹೋದ್ರಾ? ಯಾಕೆ?... ಇವರ ಆ ಆ ಕೇಳಿ ಮಗು ಅಳೋಕೆ ಶುರು ಮಾಡ್ತಂತೆ ಭಾವ. ಸೀದಾ ಎದುರುಗಡೆಗೇ ಹೋದ್ರಂತೆ... ಇನ್ನೂ ಏನೋ ಹೇಳ್ತಿದ್ದಾರೆ ಸಿಸ್ಟರ್, ಇರಿ... ಆ ಡಾಕ್ಟರು ಮೊದಲು ಪಕ್ಕದಲ್ಲಿ ಕೂರಿಸ್ಕೊಂಡು, ಎಲ್ಲಿ ನೋವು, ಯಾವಾಗಿಂದ ನೋವು ಅಂತ ಕಾಲು ಗಂಟೆ ಕೇಳ್ತಾರಂತೆ. ಕೇಳೋಕೇನಿದೆ ಅದರಲ್ಲಿ? ನಂಗೆ ಬಾಯಿ ತೆರೆದ್ರೆ ಸಾಕು, ಹಲ್ಲೇ ಎಲ್ಲಾ ಹೇಳುತ್ತೆ. ಬಂದೋರ ಪುರಾಣ ಕೇಳ್ತಾ ಕೂತ್ರೆ ಕೆಲಸ ಆದ ಹಾಗೇ...

...ಹಿಂದುಗಡೆ ನೋಡಬೇಕಾ? ಇರಿ, ಬಗ್ತೀನಿ... ಜೇಡರ ಬಲೆ ಸಮೇತ ಕೊಟ್ಟಿದ್ದೀರಲ್ಲ ಭಾವ. ಹಾಂ, ಕೆಂಪು-ಕಪ್ಪು, ಕೆಂಪು-ಕಪ್ಪು, ಸಾಲಾಗಿವೆ. ಹೊರಗಿನ ವೈರು... ಬಿಯಲ್ಲಿಲ್ಲ. ಬಿ ಖಾಲಿ ಇದೆ. ಪಕ್ಕದ ತೂತಲ್ಲಿದೆ... ಅದೇನದು, ಸಿನಿಮಾ ನೋಡುವಾಗ ಬೆನ್ನ ಹಿಂದಿನಿಂದ ಬರೋ ಸದ್ದಿನ ಜಾಗಾನಾ? ಭಾನುವಾರ ಬಂದು ಸಿಗಿಸಿದ್ದು ನೀವೇ ಅಲ್ವಾ?... ನೀವು ಟಾರ್ಚ್ ಹಿಡಿದಿದ್ರಿ, ಸಿಗಿಸಿದ್ದು ನಾನು. ಸರಿ, ಯಾರದೋ ಒಬ್ಬರದು ತಪ್ಪು, ಬಿಡಿ...

ಆಫ್ ಮಾಡಿದೆ. ಬಿಚ್ಚಿದೆ. ಈಗ ಎಡಗಡೆ ಸ್ಪೀಕರಿನ ವೈರು ಎಡಕ್ಕೆ... ಯಾವ ಎಡ ಭಾವ? ಮುಂದಿನಿಂದ ನೋಡಿದ್ರಾ, ಹಿಂದಿನಿಂದ ನೋಡಿದ್ರಾ?... ನೋಡಿದ್ರಾ, ನಿಮಗೇ ಗೊಂದಲ. ನಮ್ಮ ಕಸುಬಲ್ಲಿ ಹಾಗಿಲ್ಲ. ರೋಗಿಯ ಎಡವೇ ಎಡ, ರೋಗಿಯ ಬಲವೇ ಬಲ. ನಾವು ಎದುರಿಗೆ ನಿಂತಿರಲಿ, ತಲೆಕೆಳಗಾಗಿ ನಿಂತಿರಲಿ. ಹದಿನೆಂಟು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ... ಜಂಬ ಅಲ್ಲ ಭಾವ, ಶಿಸ್ತು...

ಹಾಂ, ಆನ್ ಮಾಡಿದೆ. ಬಿ ದೀಪ ಉರೀತಿದೆ. ಸಿಸ್ಟರ್, ಈಗ?... ಬಂತಂತೆ ಭಾವ, ಬಂತಂತೆ. ಕೊಳಲು ತಾನೆ ಸಿಸ್ಟರ್?... ಯಾರೋ ಹೆಂಗಸು, ಅಯ್ಯೋ ಕೊಂದೇಬಿಟ್ಟ ಅಂತ ಕಿರುಚ್ತಿದ್ದಾಳಂತೆ. ಆಫ್ ಮಾಡಿ ಆನ್ ಮಾಡಿದ್ದಕ್ಕೆ ಒಳಗಿದ್ದ ಡಿಸ್ಕ್ ಓಡ್ತಿದೆಯಾ? ಡಬ್ಬದೊಳಗೆ ಯಾವ ಸಿನಿಮಾ ಬಿಟ್ಟಿದ್ದೀರಿ ಭಾವ?... ಒಳ್ಳೇ ಸಿನಿಮಾನೇ ಇರಬಹುದು, ಹಲ್ಲಿನ ಆಸ್ಪತ್ರೇಲಿ ಕೇಳಿಸೋ ಅಂಥದ್ದಾ ಅದು? ಸಿಸ್ಟರ್, ಅದು ಸಿನಿಮಾ ಅಂತ ಹೇಳಿ ಮೇಷ್ಟ್ರಿಗೆ... ಹೇಳಿದ್ರೂ ನಂಬಲಿಲ್ವಾ? ಕೊಡೆ ತಗೊಂಡು ಹೊರಟೇಬಿಟ್ರಾ?...

ಕೊಳಲಿರೋ ಪೆನ್‌ಡ್ರೈವ್ ಕಡೆ ತಿರುಗಿಸಬೇಕಾ? ತಿರುಗಿಸಿದೆ... ಈಗ ಕೊಳಲು ಬರ್ತಿದೆಯಂತೆ ಹೊರಗೆ. ಯಾರಿಗೆ? ಖಾಲಿ ಕುರ್ಚಿಗೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಲ್ಲಿನ ಡಾಕ್ಟರಿಗೇ ಹೀಗಾದ್ರೆ ಯಾರ ಹತ್ರ ಹೇಳ್ಕೊಳ್ಳೋದು... ತಮಾಷೆ ಅಲ್ಲ ಭಾವ, ನಿಜವಾಗ್ಲೂ ಅಳು ಬರ್ತಿದೆ ನಂಗೆ...

...ಎರಡೂ ಗುಂಡೀನೂ ಒಟ್ಟಿಗೆ ಒತ್ತಬೇಕಾ? ಒತ್ತಿದೆ. ಎರಡೂ ದೀಪ ಹತ್ತಿತು. ಒಳಗೂ ಬಂತು ಭಾವ, ಹೊರಗೂ ಇದೆ. ಈ ಮಾತನ್ನ ಮೊದಲೇ ಹೇಳಬಾರದಿತ್ತಾ?... ಏನು ಸಿಸ್ಟರ್? ಮೇಷ್ಟ್ರು ವಾಪಸ್ ಬಂದ್ರಾ? ಮೆಟ್ಟಿಲಲ್ಲಿ ನಿಂತು ಕೊಳಲು ಕೇಳಿಸ್ಕೊಂಡು ತಿರುಗಿ ಬಂದು ಕೂತಿದ್ದಾರಂತೆ ಭಾವ. ಕಣ್ಮುಚ್ಚಿ ತಲೆದೂಗ್ತಿದ್ದಾರಂತೆ. ಬದುಕಿಸಿದ್ರಿ ನನ್ನನ್ನ... ಅಂದಹಾಗೆ, ಹೊರಗಿಂದು ಮಾತ್ರ ಸ್ವಲ್ಪ ಜೋರು ಮಾಡೋಕಾಗುತ್ತಾ?... ಆಗಲ್ವಾ? ಎರಡಕ್ಕೂ ಒಂದೇ ತಿರುಗಣೆಯಾ? ಇರಲಿ ಬಿಡಿ, ಇಷ್ಟೇ ಸಾಕು...

ಇರಿ ಭಾವ, ಯಜಮಾನರು ಬರೆಯೋ ಹಾಗೆ ಸನ್ನೆ ಮಾಡ್ತಿದ್ದಾರೆ. ಸಿಸ್ಟರ್, ಒಂದು ಪೆನ್ನು, ಚೀಟಿ ಕೊಡಿ. ಪಾಪ, ನಾಲಿಗೆ ಏಳ್ತಿಲ್ಲ, ಆದ್ರೂ ಎರಡು ಒಳ್ಳೇ ಮಾತು ಬರೀಬೇಕು ಅನ್ನಿಸಿದೆ ನೋಡಿ. ಓದ್ತೀನಿ ಕೇಳಿ, ಹೊಗಳಿಕೇಲಿ ಅರ್ಧ ಪಾಲು ನಿಮ್ಮದು... ಡಾಕ್ಟರೇ, ಬಂದಾಗಿಂದ ಹೇಳ್ತಾ ಇದ್ದೀನಿ. ನೋವಿರೋದು ಎಡಗಡೆ ಹಲ್ಲು. ನೀವು ಸೂಜಿ ಚುಚ್ಚಿದ್ದು ಬಲಗಡೆ. ಎರಡು ಸಲ...

...

...ಇದ್ದೀನಿ, ಇದ್ದೀನಿ ಭಾವ. ನಗಬೇಡಿ... ಇನ್ನೇನು ಮಾಡೋದು, ಎಡಕ್ಕೂ ಚುಚ್ಚಬೇಕು. ಆದ್ರೆ ನಾನು ಸೂಜಿ ಕೈಗೆ ತಗೊಂಡಿದ್ದೇ ತಡ, ಎದ್ದು ಕೂತುಬಿಟ್ಟಿದ್ದಾರೆ. ಮುಖ ಕೆಂಪಗಾಗಿದೆ. ಈಗಲೋ ಆಗಲೋ ಕಿರುಚ್ತಾರೆ... ಯಜಮಾನ್ರೇ, ನಿಧಾನ, ಹೊರಗೆ ಮೇಷ್ಟ್ರು ಇದ್ದಾರೆ. ಇರೋದೇ ಅವರೊಬ್ಬರು...

ಭಾವ, ಬೇಗ ಹೇಳಿ, ಇದನ್ನ ಎಷ್ಟರವರೆಗೆ ಜೋರು ಮಾಡಬಹುದು?... ಎಪ್ಪತ್ತರ ಮೇಲೆ ಹೋದ್ರೆ ಏನಾಗುತ್ತೆ?... ಆಗಲಿ ಬಿಡಿ, ತೊಂಬತ್ತಕ್ಕೆ ಇಟ್ಟೆ...

ಹಲೋ?... ಜೋರಾಗಿ ಹೇಳಿ ಭಾವ, ಕೊಳಲಲ್ಲಿ ನಿಮ್ಮ ಮಾತೇ ಕೇಳಿಸ್ತಿಲ್ಲ... ಸಿಸ್ಟರೂ ಬಾಗಿಲಲ್ಲಿ ಏನೋ ಹೇಳ್ತಿದ್ದಾರೆ, ಅದೂ ಕೇಳಿಸ್ತಿಲ್ಲ... ಏನು ಯಜಮಾನ್ರೇ? ಬಾಯಿ ಅಲ್ಲಾಡ್ತಿರೋದು ಕಾಣುತ್ತೆ... ಯಾವ ಕಡೆ ಅಂದ್ರಿ?... ಹಲೋ, ಭಾವ... ಹಲೋ...